ಒಂಬತ್ತು ದಿನ ಹಿಂದಿದ್ದ ಕೂಸು

ಚಂಪಾಳ ಬಳೆ ಹಳದಿಯಾದದ್ದನ್ನು ಮೊದಲು ಕಂಡವರು ಏಳನೇ ತರಗತಿಯ ಮಕ್ಕಳು. ಹಲಗೆಯ ಮೇಲೆ ತ್ರಿಕೋನ ಬರೆಯಲು ಅವಳು ಕೈ ಎತ್ತಿದ್ದಳು. ಎರಡನೇ ಬೆಂಚಿನ ಹುಡುಗಿ, "ಟೀಚರ್, ನಿಮ್ಮ ಬಳಿ ಬಣ್ಣ ಬದಲಾತ್ರಿ!" ಎಂದು ಖುಷಿಯಿಂದ ಕೂಗಿದಳು. ಹಿಂದಿನ ಸಾಲಿನಿಂದ ಇನ್ನೊಂದು ದನಿ ಬಂತು: "ಏ ಸುಮ್ನಿರ, ಹಳದಿ ಅಂದ್ರ ಕೂಸು ದಡ್ಡ ಆಗತೈತಿ. ನಮ್ಮ ಕಾಕೂಗೂ ಹಂಗಽ ಆಗಿತ್ತು."

ಚಂಪಾ ತ್ರಿಕೋನದ ಮೂರನೇ ಗೆರೆಯನ್ನು ಎಳೆದು ಮುಗಿಸಿದಳು. ಆಮೇಲೆ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಗಂಟೆ ಹೊಡೆಯುವವರೆಗೆ ಎಡಗೈಯಿಂದಲೇ ಸೊಟ್ಟ ಅಕ್ಷರಗಳನ್ನು ಬರೆದಳು.

ಸಂಜೆ, ಮಾರ್ಚಿನ ಬಿಸಿಲಿನಲ್ಲಿ ಶಾಲೆಯ ಆಯಾಳ ಉಣ್ಣೆ ಸ್ವೆಟರು ತೊಟ್ಟುಕೊಂಡು ಬಂದ ಸೊಸೆಯನ್ನು ಕಂಡು ಸುಲೋಚನಾ ಬಾಗಿಲಲ್ಲೇ ನಿಂತಳು.

"ಚಳಿಜ್ವರಾ ಬಂತೇನವಾ?"

"ಮೊದಲ ಬಾಗಲಾ ಹಾಕ್ರಿ, ಅತ್ತಿ."

ಬಾಗಿಲು ಹಾಕಿದ ಮೇಲೆ ಚಂಪಾ ತೋಳು ಮೇಲಕ್ಕೆ ಸರಿಸಿದಳು. ಮಣಿಕಟ್ಟಿನಲ್ಲಿ ಬಳೆ ಕಾಮಾಲೆಯ ಕಣ್ಣಿನಂತೆ ಹಳದಿಯಾಗಿತ್ತು.

ಸುಗರ್ಭ ಯೋಜನೆ ಬಂದು ಆಗ ಎರಡು ವರ್ಷವಾಗಿತ್ತು. ಬಸಿರಾದ ಪ್ರತಿ ಹೆಂಗಸೂ ಏಳನೇ ವಾರದಿಂದ ಸರ್ಕಾರದ ಬಳೆ ತೊಡಬೇಕು. ನಮ್ಮ ಕಡೆ ಬಸುರಿಗೆ ಕುಬಸ ಮಾಡುವಾಗ ಹಸಿರು ಬಳೆ ಇಡಿಸುತ್ತಾರೆಂದು ಇದನ್ನೂ ಹಸಿರಾಗಿಯೇ ಮಾಡಿದ್ದರು. ಯಾರೋ ಬಹಳ ಜಾಣರು ಕುಳಿತು ಯೋಚಿಸಿರಬೇಕು. ಗರ್ಭದಲ್ಲಿ ಕೂಸಿನ ಅಂಗಗಳು ಒಂದೊಂದಾಗಿ ರೂಪುಗೊಳ್ಳುವಾಗ ಒಂದೊಂದು ಬಗೆಯ ಕಣಗಳು ತಾಯಿಯ ರಕ್ತಕ್ಕೆ ಉದುರುತ್ತವೆ. ಬಳೆ ಅವನ್ನು ಚರ್ಮದ ಮೇಲಿನಿಂದಲೇ ಓದಿ ಕೂಸು ಎಷ್ಟು ಬೆಳೆದಿದೆ ಎಂದು ತಿಳಿಯುತ್ತದೆ. ತೊಟ್ಟು ಒಂದು ವಾರವಾದ ಮೇಲೆ ಮೊದಲ ಓದು ಬರುತ್ತದೆ. ಬಸಿರಿನ ದಿನಗಳಿಗೆ ಆ ಬೆಳವಣಿಗೆ ಸರಿಹೊಂದಿದರೆ ಹಸಿರು, ಹಿಂದೆ ಬಿದ್ದಿದ್ದರೆ ಹಳದಿ. ಮೂರು ವಾರ ಬಿಡದೆ ಹಳದಿಯಾಗಿದ್ದರೆ ಪರಿಶೀಲನಾ ಸಮಿತಿಯ ಕರೆ ಬರುತ್ತದೆ. ಸಮಿತಿಯವರು ಬಸಿರನ್ನು ತೆಗೆಸಲು ಸಲಹೆ ಕೊಡುತ್ತಾರೆ. ಅದು ಬರೀ ಸಲಹೆ, ಒತ್ತಾಯವಲ್ಲ ಎಂದು ಸರ್ಕಾರ ಹೇಳುತ್ತಲೇ ಇತ್ತು. ಒಲ್ಲೆ ಎಂದವಳು ಮಾತ್ರ, ಮುಂದೆ ಕೂಸಿಗೆ ಏನೇ ಆದರೂ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಕೇಳುವುದಿಲ್ಲವೆಂದು ಸಹಿ ಮಾಡಿ ಹೋಗಬೇಕು.

ಜನ ಎಲ್ಲದಕ್ಕೂ ಹೊಂದಿಕೊಳ್ಳುತ್ತಾರೆ, ಇದಕ್ಕೂ ಹೊಂದಿಕೊಂಡರು. ಬಸ್ಸಿನಲ್ಲಿ ಬಸುರಿಗೆ ಜಾಗ ಬಿಡುವ ಮೊದಲು ಮಣಿಕಟ್ಟು ನೋಡುವುದು ರೂಢಿಯಾಯಿತು. ಕಾಯಿಪಲ್ಲೆ ಮಾರುವವಳು "ಆರಾಮ ಅದೀರಿ?" ಎನ್ನುವುದನ್ನು ಬಿಟ್ಟು "ಬಳಿ ಏನಂತೈತ್ರಿ?" ಎಂದು ಕೇಳತೊಡಗಿದಳು. ಬಳೆಯ ಅಂಗಡಿಯವರು ಬಳೆ ಮುಚ್ಚಲು ಕಸೂತಿ ಹಾಕಿದ ಬಟ್ಟೆಯ ಪಟ್ಟಿ ಮಾರಿದರು. ಬಟ್ಟೆ ಮುಚ್ಚಿದರೆ ಓದು ತಪ್ಪುತ್ತದೆ ಎಂದು ಸುತ್ತೋಲೆ ಬಂತು. ಅಂಗಡಿಯವರು ಪಟ್ಟಿ ಮಾರುವುದನ್ನು ಬಿಟ್ಟರು. ಹೆಂಗಸರು ಸೆರಗಿಗೆ ಮರಳಿದರು.

ಈ ಬಳೆ ಹುಟ್ಟಿದ್ದು ಸುಲೋಚನಾ ಕೆಲಸ ಮಾಡುವ ಧಾರವಾಡದ ಸಂಶೋಧನಾ ಕೇಂದ್ರದಲ್ಲಿಯೇ. ಅದು ಅವಳಿಗೆ ಅಲ್ಲಿಯವರೆಗೆ ಹೆಮ್ಮೆಯ ಮಾತಾಗಿತ್ತು.

ಕೇಂದ್ರದ ಮೀನುಕೋಣೆಯಲ್ಲಿ ಅವಳದು ಇಪ್ಪತ್ತಾರು ವರ್ಷದ ಕೆಲಸ. ಗಂಡ ಸತ್ತ ವರ್ಷ ತೊಟ್ಟಿ ತೊಳೆಯುವ ಕೆಲಸಕ್ಕೆ ಸೇರಿದವಳು, ಈಗ ಸೂಕ್ಷ್ಮದರ್ಶಕದ ಮುಂದೆ ಕುಳಿತು ಭ್ರೂಣದ ವಯಸ್ಸನ್ನು ಗಂಟೆಯ ಲೆಕ್ಕದಲ್ಲಿ ಹೇಳಬಲ್ಲವಳಾಗಿದ್ದಳು. ವರ್ಷಕ್ಕೊಮ್ಮೆ ಶಾಲೆಯ ಮಕ್ಕಳು ಬಂದಾಗ ವಿಜ್ಞಾನಿಗಳು ನಾಲ್ಕು ಮಾತಾಡಿ ಜಾರಿಕೊಳ್ಳುತ್ತಿದ್ದರು. ಉಳಿದದ್ದನ್ನು ಸುಲೋಚನಾ ಹೇಳುತ್ತಿದ್ದಳು. ಒಂದೇ ಒಂದು ಕೋಶ ಕಣ್ಣು, ಎಲುಬು, ಗುಂಡಿಗೆಯುಳ್ಳ ಜೀವವಾಗುವುದು ಹೇಗೆ ಎಂದು ತಿಳಿಯಬೇಕು. ಮನುಷ್ಯರ ಹೊಟ್ಟೆಯೊಳಗೆ ಇಣುಕಲು ಆಗುವುದಿಲ್ಲ. ಅದಕ್ಕೇ ಬೇರೆ ಜೀವಗಳ ಮೊರೆಹೋಗಬೇಕು. ಹಣ್ಣಿನ ನೊಣ ಹತ್ತು ದಿನಕ್ಕೆ ಒಂದು ತಲೆಮಾರು ಮುಗಿಸುತ್ತದೆ. ಒಂದು ಬಗೆಯ ಪುಟ್ಟ ಹುಳದ ಮೈಯಲ್ಲಿ ಸಾವಿರ ಕೋಶ ಕೂಡ ಇಲ್ಲ, ಯಾವ ಕೋಶ ಯಾವುದರ ಮಗಳು ಎಂದು ವಂಶಾವಳಿಯನ್ನೇ ಬರೆದಿದ್ದಾರೆ. ಕೋಳಿಮೊಟ್ಟೆಯ ಚಿಪ್ಪಿಗೆ ಕಿಟಕಿ ಕೊರೆದು ನೋಡಬಹುದು. ಇಲಿ ನಮ್ಮ ಹಾಗೆ ಬಸಿರಾಗುತ್ತದೆ. ಇನ್ನು ಈ ಪಟ್ಟೆಪಟ್ಟೆಯ ಜೀಬ್ರಾ ಮೀನು. ಇದರ ಮೊಟ್ಟೆ ಗಾಜಿನಂತೆ, ಒಳಗಿನದೆಲ್ಲ ಕಾಣುತ್ತದೆ. ಮುಕ್ಕಾಲು ಗಂಟೆಗೆ ಒಂದು ಕೋಶ ಎರಡಾಗುತ್ತದೆ, ಮರುದಿನ ಅದೇ ಹೊತ್ತಿಗೆ ಗುಂಡಿಗೆ ಬಡಿಯುತ್ತಿರುತ್ತದೆ.

"ಬೆನ್ನಹುರಿ ಗುಂಟ ಮಣಿ ಪೋಣಿಸಿದಂಗ ಗಂಟು ಮೂಡತಾವು ನೋಡ್ರಿ," ಎಂದು ಮಕ್ಕಳಿಗೆ ತೋರಿಸುತ್ತಿದ್ದಳು. "ಮೀನದಾಗ ಅರ್ಧ ತಾಸಿಗೊಂದು ಮಣಿ. ಇಲಿಯಾಗ ಎರಡ ತಾಸಿಗೊಂದು. ನಮ್ಮೊಳಗ ಸುಮಾರು ಐದು ತಾಸಿಗೊಂದು. ಪೋಣಿಸೋ ರೀತಿ ಎಲ್ಲಾರದೂ ಒಂದಽ, ಬರೇ ವೇಗ ಬ್ಯಾರೆ."

ಹಳದಿ ಬಳೆಯನ್ನು ಕಂಡ ಮರುದಿನ ಅವಳು ಎರಡನೇ ಮಹಡಿ ಹತ್ತಿದಳು. ಅಲ್ಲಿ ಯೋಜನೆಯ ನಿಗಾ ಕೋಣೆ. ಗೋಡೆ ತುಂಬ ಪರದೆ, ಪರದೆ ತುಂಬ ಜಿಲ್ಲೆಗಳ ನಕ್ಷೆ, ನಕ್ಷೆಯ ಮೇಲೆ ಹಸಿರು ಹಳದಿ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಎಲ್ಲಿಯೋ ರೊಟ್ಟಿ ಬಡಿಯುತ್ತಲೋ, ಬಟ್ಟೆ ಒಗೆಯುತ್ತಲೋ ಇರುವ ಒಬ್ಬ ಹೆಂಗಸು. ಎರಡು ವರ್ಷ ಈ ಕೋಣೆಗೆ ಚಹಾ ಕಳಿಸಿದ್ದಳೇ ಹೊರತು ಸುಲೋಚನಾಗೆ ಹಾಗೆ ಅನ್ನಿಸಿರಲಿಲ್ಲ.

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ವಾರಿಜಾ ದೇಸಾಯಿ ಎದ್ದು ಬಂದು ಅವಳ ಕೈ ಹಿಡಿದಳು. ವಾರಿಜಾ ಇಲ್ಲಿಗೆ ವಿದ್ಯಾರ್ಥಿನಿಯಾಗಿ ಬಂದಾಗ ಮೊಟ್ಟೆ ಆರಿಸುವುದನ್ನು ಕಲಿಸಿಕೊಟ್ಟವಳು ಸುಲೋಚನಾ.

"ಸುಲೋಚನಕ್ಕಾ, ನಿಮ್ಮ ಸೊಸಿ ಅಂತ ನಾ ನಿಯಮ ಮುರಿಯೋ ಹಂಗಿಲ್ಲ. ಇನ್ನೂ ಎರಡು ವಾರ ಅದ. ನೋಡೋಣಂತ." ಆಮೇಲೆ ಕೇಳಿದಳು, "ಆಕಿ ಉಪಾಸ ಗಿಪಾಸ ಭಾಳ ಮಾಡ್ತಾಳೇನು?"

"ಯಾಕ್ರಿ ಬಾಯಾರ?"

ವಾರಿಜಾ ಪರದೆಯ ಮೂಲೆಯಲ್ಲಿದ್ದ ಗೆರೆಯೊಂದನ್ನು ತೋರಿಸಿದಳು. ವರ್ಷದುದ್ದಕ್ಕೂ ಹಳದಿ ಬಳೆಗಳ ಸಂಖ್ಯೆ ಏರಿ ಇಳಿಯುವುದು ಅದರಲ್ಲಿ ಕಾಣುತ್ತಿತ್ತು, ಒಂಟೆಯ ಬೆನ್ನಿನಂತೆ. "ನೋಡ್ರಿ, ಪ್ರತಿ ವರ್ಷ ಇವೇ ತಿಂಗಳು ಏರತದ. ಹಬ್ಬಾ ಮುಗದ ಮ್ಯಾಲೆ. ನಮ್ಮ ಹೆಣ್ಣುಮಕ್ಕಳು ದೇವರು ದೇವರು ಅಂತ ಹೊಟ್ಟಿಗೆ ತಿನ್ನಂಗಿಲ್ಲ, ಅನುಭವಿಸೋದು ಕೂಸು. ಉಪಾಸ ಮಾಡಬ್ಯಾಡ್ರಿ ಅಂತ ಸುತ್ತೋಲೆನೂ ಕಳಿಸೇವಿ."

ತಪ್ಪು ಯಾರದೆಂದು ಆಗಲೇ ಗೊತ್ತಾಗಿಹೋಗಿದೆಯಲ್ಲ ಎಂದು ಸುಲೋಚನಾಗೆ ಅನ್ನಿಸಿತು. ಚಂಪಾ ಹುಟ್ಟಿದಂದಿನಿಂದ ಒಂದು ಹೊತ್ತು ಬಿಟ್ಟವಳಲ್ಲ. ಏಕಾದಶಿಯ ದಿನವೇ ಮಿರ್ಚಿಭಜಿ ತಿನ್ನುವವಳು. ಅದನ್ನು ಹೇಳಲು ಬಾಯಿ ತೆರೆದವಳು, ಹೇಳದೆ ಕೆಳಗಿಳಿದು ಬಂದಳು. ಇಪ್ಪತ್ತಾರು ವರ್ಷದ ವಿಧೇಯತೆ ಒಂದೇ ದಿನಕ್ಕೆ ಬಿಟ್ಟುಹೋಗುವುದಿಲ್ಲ.

ಮುಂದಿನ ಎರಡು ವಾರವೂ ಬಳೆ ಹಳದಿಯಾಗಿಯೇ ಉಳಿಯಿತು. ಸೋಮವಾರ ಹನ್ನೊಂದಕ್ಕೆ ಸಮಿತಿಯ ಮುಂದೆ ಬರಬೇಕೆಂದು ಶನಿವಾರ ಚೀಟಿ ಬಂತು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಗ ವಿರೂಪಾಕ್ಷ ತಾಟಿನ ಮುಂದಿನಿಂದ ಏಳದೆ ಕುಳಿತಿದ್ದ. ಕೆಟ್ಟವನಲ್ಲ. ವಿದ್ಯುತ್ ಕಚೇರಿಯಲ್ಲಿ ಮೇಲಿನವರು ಹೇಳಿದ್ದನ್ನು ಮಾಡಿ ಮಾಡಿ, ಮನೆಯಲ್ಲಿಯೂ ಯಾರಾದರೂ ಮೇಲಿನವರು ಹೇಳಲಿ ಎಂದು ಕಾಯುವವನು.

"ತಿಳದವರು ಹೇಳತಾರಂದ ಮ್ಯಾಲೆ ಕೇಳೋದು ಛಲೋ ಅನಸತೈತಿ," ಎಂದ. "ನಮಗೇನು ವಯಸ್ಸಾಗೇತೇನು? ಮತ್ತೊಂದು ಆಗತೈತಿ."

ಚಂಪಾ ತಾಟುಗಳನ್ನು ಒಂದರ ಮೇಲೊಂದು ಇಟ್ಟಳು. "ಬಸ್ ತಪ್ಪಿದ್ರ ಮತ್ತೊಂದು ಬರತೈತಿ ಅಂದಂಗ ಹೇಳತೀರಲ್ಲ! ಹೋಗ್ರಿ, ನಿಲ್ದಾಣದಾಗ ನಿಂದರಹೋಗ್ರಿ."

ಅವನು ಅಂಗಿ ಹಾಕಿಕೊಂಡು ಹೊರಗೆ ಹೋದ. ಚಂಪಾ ಅಳಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ನರ್ಸು ವಾರವಾರ ಕೊಟ್ಟಿದ್ದ ಮೂರು ಚೀಟಿಗಳನ್ನು ಸಾಲಾಗಿ ಇಟ್ಟಳು, ಗಣಿತದ ಟೀಚರು ತಪ್ಪು ಹುಡುಕುವ ಹಾಗೆ.

"ಅತ್ತಿ, ಇಲ್ಲೆ ನೋಡ್ರಿ. ಮೊದಲನೇ ವಾರ, ನಿರೀಕ್ಷೆಗಿಂತ ಒಂಬತ್ತು ದಿನ ಹಿಂದೆ. ಎರಡನೇ ವಾರ, ಒಂಬತ್ತು ದಿನ ಹಿಂದೆ. ಮೂರನೇದು, ಒಂಬತ್ತು. ಕೂಸು ಹಿಂದ ಬೀಳಾಕತ್ತಿದ್ರ ವಾರಕ್ಕ ವಾರಕ್ಕ ಹೆಚ್ಚಾಗಬೇಕಲ್ರಿ?"

ಸುಲೋಚನಾ ಕೈ ಒರೆಸಿಕೊಂಡು ಹತ್ತಿರ ಬಂದಳು. ಮೂರೂ ಚೀಟಿಗಳ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದಳು. ಇದು ಅವಳದೇ ವಿದ್ಯೆ. ರೋಗದ ಭ್ರೂಣ, ತಣ್ಣನೆಯ ನೀರಿನಲ್ಲಿಟ್ಟ ಭ್ರೂಣ, ಇವು ಗಂಟೆಗಂಟೆಗೂ ಹೆಚ್ಚುಹೆಚ್ಚಾಗಿ ಹಿಂದುಳಿಯುತ್ತವೆ. ಕುಂಟುತ್ತ ನಡೆಯುವವನು ಮೈಲಿಗೆ ಮೈಲಿಗೆ ಜೊತೆಗಾರರಿಂದ ದೂರವಾಗುವ ಹಾಗೆ. ಅಂತರ ಹೆಚ್ಚದೆ, ಕಡಿಮೆಯಾಗದೆ ಅಷ್ಟೇ ಉಳಿದರೆ ಅವನು ಕುಂಟನಲ್ಲ. ಮನೆಯಿಂದ ತಡವಾಗಿ ಹೊರಟವನು, ಅಷ್ಟೇ.

ಹತ್ತೊಂಬತ್ತು ವರ್ಷದ ಹಿಂದೆ ಮೀನುಕೋಣೆಯಲ್ಲಿ ಹೀಗೇ ಆಗಿತ್ತು. ಸಂಜೆ ಗಂಡು ಹೆಣ್ಣು ಮೀನುಗಳನ್ನು ಒಂದು ಸಣ್ಣ ತೊಟ್ಟಿಗೆ ಬಿಟ್ಟು ನಡುವೆ ಗಾಜಿನಂಥ ಅಡ್ಡಪಟ್ಟಿ ಇಡುತ್ತಾರೆ. ಬೆಳಿಗ್ಗೆ ಎಂಟಕ್ಕೆ ದೀಪ ಹತ್ತುತ್ತದೆ, ಪಟ್ಟಿ ಎತ್ತುತ್ತಾರೆ, ಸ್ವಲ್ಪ ಹೊತ್ತಿಗೆ ಹೆಣ್ಣು ಮೊಟ್ಟೆಯಿಡುತ್ತದೆ. ಅಲ್ಲಿಂದ ಭ್ರೂಣದ ವಯಸ್ಸಿನ ಎಣಿಕೆ. ಒಂದು ದಿನ ಹೊಸ ವಿದ್ಯಾರ್ಥಿನಿಯೊಬ್ಬಳು ಹತ್ತು ಗಂಟೆಗೆ ಬಂದು ಪಟ್ಟಿ ಎತ್ತಿ, ಬೈಗುಳಕ್ಕೆ ಹೆದರಿ, ಪುಸ್ತಕದಲ್ಲಿ ಎಂಟು ಎಂದು ಬರೆದಿದ್ದಳು. ಆ ಮೊಟ್ಟೆಗಳೆಲ್ಲ ಎರಡು ಗಂಟೆ ಹಿಂದಿವೆ, ಏನೋ ಊನವಾಗಿದೆ, ಚೆಲ್ಲಿಬಿಡಿ ಎಂದು ಮೇಲಿನವರು ಹೇಳಿದ್ದರು. ಚೆಲ್ಲದೆ ಉಳಿಸಿಕೊಂಡವಳು ಸುಲೋಚನಾ. ಎಲ್ಲವೂ ಚೆಂದದ ಮೀನುಗಳಾದವು. ಆ ವಿದ್ಯಾರ್ಥಿನಿ ವಾರಿಜಾ.

"ಕೂಸು ಹಿಂದ ಬಿದ್ದಿಲ್ಲವಾ," ಎಂದಳು ಸುಲೋಚನಾ. "ನಾವು ಎಣಸೋದು ಮೊದಲಽ ಶುರು ಮಾಡೇವಿ."

ಚಂಪಾ ತಲೆ ಎತ್ತಲಿಲ್ಲ. "ನಾ ಐದನೇ ತಾರೀಖಿಗೆ ಹೊರಗಾಗಿರಲಿಲ್ಲ ಅತ್ತಿ. ಹದಿನಾಲ್ಕಕ್ಕ ಆಗಿದ್ದೆ. ನಿಮಗ ಗೊತ್ತೈತಿ."

ಗೊತ್ತಿತ್ತು. ಜನವರಿಯಲ್ಲಿ ಬನಶಂಕರಿ ನವರಾತ್ರಿ. ನೇಕಾರರ ಮನೆ, ಬನಶಂಕರಿಯೇ ಮನೆದೇವರು. ಹೊಸ ಸೊಸೆ ಕುಂಭ ಹೊರಬೇಕು. ಅವಳ ದಿನ ಐದನೇ ತಾರೀಖು, ಸರಿಯಾಗಿ ನಡುವೆ ಬರುತ್ತಿತ್ತು. ಮುಟ್ಟು ಮುಂದೂಡುವ ಗುಳಿಗೆಯ ಹಾಳೆಯನ್ನು ಅಂಗಡಿಯಿಂದ ತಂದು ಚಹದ ಕಪ್ಪಿನ ಪಕ್ಕ ಇಟ್ಟವಳು ಸುಲೋಚನಾ. ಸುಲೋಚನಾಳ ಅತ್ತೆಯೂ ಅವಳಿಗೆ ಹಾಗೇ ಇಟ್ಟಿದ್ದಳು. ಓಣಿಯ ಪ್ರತಿ ಮನೆಯಲ್ಲೂ ಮದುವೆಗೆ, ಗೃಹಪ್ರವೇಶಕ್ಕೆ, ಗೌರಿಗೆ ಹಾಗೆ ಇಡುತ್ತಾರೆ. ಯಾರೂ ಆ ಮಾತು ಆಡುವುದಿಲ್ಲ. ಗುಳಿಗೆ ಬಿಟ್ಟ ಮೇಲೆ ಬರುವುದು ನಿಜವಾದ ಮುಟ್ಟಲ್ಲ, ದಿನವೆಂದರೆ ಬರಬೇಕಾಗಿದ್ದ ದಿನವೇ ಎಂದು ಹೆಂಗಸರ ಲೆಕ್ಕ. ನರ್ಸು ಬಂದು ಕೊನೆಯ ಮುಟ್ಟು ಯಾವಾಗ ಎಂದು ಕೇಳಿದಾಗ ಚಂಪಾ ತಡವರಿಸಿದ್ದಳು. ಸುಲೋಚನಾ ಒಳಗಿನಿಂದಲೇ ಕೂಗಿದ್ದಳು, ಐದನೇ ತಾರೀಖು ಅಂತ ಬರಕೊಳ್ರಿ.

"ದೇವರ ಸಲುವಾಗಿ ನನ್ನ ದಿನಾ ಮುಂದ ಹಾಕಿಸಿದ್ರಿ," ಎಂದಳು ಚಂಪಾ. ದನಿ ಏರಿರಲಿಲ್ಲ, ಅದಕ್ಕೇ ಕೇಳಲು ಕಷ್ಟವಾಗಿತ್ತು. "ಸರ್ಕಾರದ ಮುಂದ ಮತ್ತ ಹಿಂದ ಹಾಕಿದ್ರಿ. ಇದು ನನ್ನ ಮೈ ಅಲ್ಲೇನ್ರಿ ಅತ್ತಿ? ಒಬ್ಬರಾದ್ರೂ ನನ್ನ ಕೇಳಿದ್ರೇನು?"

ಸುಲೋಚನಾಳ ನಾಚಿಕೆಯ ಕೆಳಗೆ ಇನ್ನೊಂದು ಕುದಿಯುತ್ತಿತ್ತು. ಬಳೆ ಸುಳ್ಳು ಹೇಳಿರಲಿಲ್ಲ. ಅದು ಮಣಿ ಎಣಿಸಿತ್ತು, ಕೈಬೆರಳು ಎಣಿಸಿತ್ತು. ದಿನ ಎಣಿಸಿದವರು ಮನುಷ್ಯರು. ಹೆಂಗಸರಿಗೂ ಬೆಳಗಿನ ಎಂಟಕ್ಕೆ ಯಾರೋ ಅಡ್ಡಪಟ್ಟಿ ಎತ್ತುತ್ತಾರೆಂದು ಯೋಜನೆಯವರು ತಿಳಿದಿದ್ದರೇ?

ಅವಳ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ಬಿತ್ತು, ಹಬ್ಬಗಳನ್ನು ಕೆಂಪಿನಲ್ಲಿ ಅಚ್ಚು ಹಾಕಿದ ಅಗ್ಗದ ಕ್ಯಾಲೆಂಡರು. ಒಂಟೆಯ ಬೆನ್ನಿನ ಆ ಗೆರೆ ನೆನಪಾಯಿತು. ಮೊಳೆಯಿಂದ ಕ್ಯಾಲೆಂಡರನ್ನು ಕಿತ್ತು ಸುರುಳಿ ಸುತ್ತಿದಳು.

ಸೋಮವಾರ ಅವಳು ಮೀನುಕೋಣೆಗೆ ಹೋಗಲಿಲ್ಲ. ಚಂಪಾಳನ್ನು ಕೆಳಗಿನ ಪಡಸಾಲೆಯಲ್ಲಿ ಸಮಿತಿಯ ಬಾಗಿಲೆದುರು ಕೂಡಿಸಿ, ನೇರ ಎರಡನೇ ಮಹಡಿಗೆ ಹೋಗಿ ವಾರಿಜಾಳ ಮೇಜಿನ ಮೇಲೆ ಕ್ಯಾಲೆಂಡರು ಬಿಡಿಸಿದಳು.

"ಆ ಗೆರಿ ತೋರಸ್ರಿ ಬಾಯಾರ. ಒಂದೊಂದು ಏರಿನಿಂದ ಎರಡು ತಿಂಗಳು ಹಿಂದಕ ಬರ್ರಿ. ಇಲ್ಲೆ ಏನೈತಿ? ವರಮಹಾಲಕ್ಷ್ಮಿ, ಗೌರಿ. ಇಲ್ಲೆ? ದಸರಾ. ಇದು ವೈಶಾಖ, ಸಾಲಸಾಲ ಮದುವಿ. ಈ ತಗ್ಗಿನಿಂದ ಹಿಂದಕ ಬಂದ್ರ?"

"ಆಷಾಢ," ಎಂದಳು ವಾರಿಜಾ ನಿಧಾನವಾಗಿ.

"ಯಾವ ಶುಭಕಾರ್ಯನೂ ಇಲ್ಲ. ಯಾರೂ ಗುಳಿಗಿ ನುಂಗಂಗಿಲ್ಲ."

ಬಳೆಯ ಮೊದಲ ಪರೀಕ್ಷೆಗೆ ನಾನೂರು ಬಸುರಿಯರನ್ನು ಆರಿಸಿದ್ದು ಆಷಾಢ ಮುಗಿದ ಎರಡು ತಿಂಗಳಿಗೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಗುಳಿಗೆಯಿಲ್ಲದ ತಿಂಗಳಿನ ಆ ನಾನೂರು ಕೂಸುಗಳಲ್ಲಿ ಬಳೆ ಹೆಚ್ಚುಕಡಿಮೆ ತಪ್ಪಿರಲೇ ಇಲ್ಲ. ಪತ್ರಿಕೆಯಲ್ಲಿ ಫೋಟೋ ಬಂದಿತ್ತು.

ವಾರಿಜಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಅಂತರ ಬದಲಾಗದ ಹಳದಿ ಬಳೆಗಳೆಷ್ಟು ಎಂದು ಯಂತ್ರವನ್ನು ಕೇಳಿದಳು. ಉತ್ತರ ಬರಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಹತ್ತರಲ್ಲಿ ಎಂಟು. ಎರಡು ವರ್ಷ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಹೆಣ್ಣುಮಕ್ಕಳು ಖರೇ ತಾರೀಖು ಹೇಳಲಿಲ್ಲ ಅಂದ್ರ ನಾವೇನು ಮಾಡೋದು ಅಕ್ಕಾ?" ಎಂದಳು ಕೊನೆಗೆ.

"ನೀವು ಕೇಳಿದ್ರೇನು? ನಿಮ್ಮ ಫಾರಂನಾಗ ಬೀಡಿ ಸೇದತಿಯೇನು ಅಂತೈತಿ, ಕುಡಿತಿಯೇನು ಅಂತೈತಿ, ಸಂಬಂಧದಾಗ ಮದುವಿ ಆಗೀಯೇನು ಅಂತೈತಿ. ಗುಳಿಗಿ ನುಂಗೀಯೇನು ಅಂತ ಎಲ್ಲೈತಿ?" ಸುಲೋಚನಾ ಮೇಜಿನ ಅಂಚು ಹಿಡಿದುಕೊಂಡಳು. "ನೀವು ಎಂದೂ ನುಂಗಿಲ್ಲೇನ್ರಿ?"

ವಾರಿಜಾ ಕಿಟಕಿಯ ಕಡೆ ನೋಡಿದಳು. "ತಂಗಿ ಮದುವಿಗೆ. ಎರಡು ಸಲ ಮಂತ್ರಾಲಯಕ್ಕ ಹೋಗೋ ಮುಂದ."

"ಫಾರಂ ಬರಿಯೋ ಮುಂದ ಅದು ನೆನಪಾಗಲಿಲ್ಲ?"

"ಅದೂ ಒಂದು ಮಾಹಿತಿ ಅಂತ ಅನಿಸಲೇ ಇಲ್ಲ ಅಕ್ಕಾ."

ಆ ಮಾತು ನಿಜವೆಂಬುದು ಸುಲೋಚನಾಳ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ನೊಣದ ರೆಕ್ಕೆಯ ಮೇಲಿನ ಒಂದು ಕೂದಲು ಸೊಟ್ಟಗಿದ್ದರೆ ಬರೆದಿಡುತ್ತಾರೆ. ಮೀನಿನ ನೀರು ಅರ್ಧ ಡಿಗ್ರಿ ತಣ್ಣಗಾದರೆ ಬರೆದಿಡುತ್ತಾರೆ. ಹೆಂಗಸಿನ ಮೈಯ ಗಡಿಯಾರವನ್ನು ಮನೆಯವರೆಲ್ಲ ಸೇರಿ ಹಿಂದೆ ಮುಂದೆ ತಿರುಗಿಸುವುದು ಮಾತ್ರ ಯಾರ ಪುಸ್ತಕಕ್ಕೂ ಬರುವುದಿಲ್ಲ. ಸ್ವತಃ ನುಂಗಿದವಳ ಪುಸ್ತಕಕ್ಕೂ.

"ಎಂಟು ಅಂತ ಬರದು ಹತ್ತಕ್ಕ ಪಟ್ಟಿ ಎತ್ತಿದವರು ನೀವು," ಎಂದಳು. "ಆ ಮೀನ ಉಳದಿದ್ದು ನಿಮಗ ಗೊತ್ತೈತಿ."

ವಾರಿಜಾಳ ಮುಖ ಕೆಂಪಾಯಿತು. ಅವಳು ಯಂತ್ರದ ಮುಂದೆ ಕುಳಿತು ಚಂಪಾಳ ಹೆಸರು ತೆಗೆದಳು. ಐದನ್ನು ಅಳಿಸಿ ಹದಿನಾಲ್ಕು ಮಾಡಿದಳು. "ತಿದ್ದೇನಿ. ಈಗ ಕೆಳಗ ಹೋಗೂದ್ರಾಗ ಹಸರಾಗಿರತದ. ಕರಕೊಂಡು ಮನಿಗೆ ಹೋಗ್ರಿ."

"ಉಳದವರು?"

"ಒಮ್ಮೆಲೇ ಹೇಳಲಿಕ್ಕೆ ಬರಂಗಿಲ್ಲ ಅಕ್ಕಾ. ತಾಂತ್ರಿಕ ಸಮಿತಿ ಆಗಬೇಕು, ಸರ್ಕಾರಕ್ಕ ವರದಿ ಹೋಗಬೇಕು. ಐದಾರು ತಿಂಗಳು ಬೇಕು. ಎರಡು ವರ್ಷದಾಗ ಎಷ್ಟು ಮಂದಿ ತಗಿಸ್ಯಾರ ಅಂತ ನಿಮಗ ಅಂದಾಜು ಅದ ಏನು? ಇವತ್ತು ಹೊರಗ ಹೇಳಿದ್ರ ಊರಿಗೆ ಊರು ಹೊತ್ತಿಕೊಳ್ಳತದ. ನಿಮಗ ಕೈ ಮುಗೀತೀನಿ. ಸುಮ್ಮನ ಹೋಗ್ರಿ."

ಸುಲೋಚನಾ ಮೆಟ್ಟಿಲಿಳಿದಳು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಅವಳಿಗೆ ಬೇಕಾಗಿದ್ದದ್ದು ಸೊಸೆಯ ಕೈ ಹಿಡಿದು ಹಿಂಬಾಗಿಲಿನಿಂದ ಹೊರಬಿದ್ದು ಆಟೋ ಹತ್ತುವುದು.

ಕೆಳಗೆ ಪಡಸಾಲೆಯಲ್ಲಿ ಗದ್ದಲವಾಗಿತ್ತು. ಉದ್ದನೆಯ ಎರಡು ಬೆಂಚುಗಳಲ್ಲಿ ಹಳದಿ ಕೈಗಳ ಹೆಂಗಸರು, ಅವರ ಪಕ್ಕದಲ್ಲಿ ತಾಯಿಯೋ ಅತ್ತೆಯೋ. ನಡುವೆ ಚಂಪಾ ನಿಂತಿದ್ದಳು, ಕೈ ಮುಂದೆ ಚಾಚಿ. ಎಲ್ಲರೂ ನೋಡುತ್ತಿದ್ದಂತೆಯೇ ಅವಳ ಬಳೆ ಹಸಿರಾಗಿತ್ತು.

"ಏನ ಮಾಡಿದಿ ಯವ್ವಾ?" ಎಂದು ಒಬ್ಬಳು ಕೇಳುತ್ತಿದ್ದಳು. "ಯಾ ಗುಡಿಗೆ ಹೋಗಿದ್ದಿ?"

"ಗುಡಿ ಅಲ್ಲಬೇ, ಆಕಿ ಅತ್ತಿ ಇಲ್ಲೇ ಕೆಲಸಾ ಮಾಡತಾಳ," ಎಂದಳು ಇನ್ನೊಬ್ಬಳು. "ನಮ್ಮ ಅತ್ತಿಗೋಳು ಬರೇ ಕೂತು ಎಲಿ ಅಡಿಕಿ ಹಾಕತಾವು."

ಸುಲೋಚನಾ ಸೊಸೆಯ ತೋಳು ಹಿಡಿದು, "ನಡಿ," ಎಂದಳು. ಚಂಪಾ ಕದಲಲಿಲ್ಲ. ಅತ್ತೆಯ ಮುಖವನ್ನು ನೇರವಾಗಿ ನೋಡಿದಳು.

"ಇವರಿಗೆ ಹೇಳ್ರಿ ಅತ್ತಿ. ನೀವು ಹೇಳದಿದ್ರ ನಾ ಹೇಳತೀನಿ."

ಪಡಸಾಲೆಯಲ್ಲಿ ಗಂಡಸರಿದ್ದರು. ಕಾರಕೂನ, ಬಾಗಿಲ ಜವಾನ, ಹೆಂಡಂದಿರನ್ನು ಕರೆತಂದ ನಾಲ್ಕಾರು ಗಂಡಂದಿರು. ಐವತ್ತೆರಡು ವರ್ಷಗಳಲ್ಲಿ ಮುಟ್ಟು ಎಂಬ ಶಬ್ದವನ್ನು ಸುಲೋಚನಾ ಗಂಡಸರ ಎದುರು ಉಚ್ಚರಿಸಿರಲಿಲ್ಲ. ಗಂಡನ ಎದುರಿಗೂ.

"ನಾ ನನ್ನ ಸೊಸಿಗೆ ಮುಟ್ಟ ಮುಂದ ಹಾಕೋ ಗುಳಿಗಿ ಕೊಟ್ಟಿದ್ದೆ," ಎಂದಳು. ದನಿ ಅವಳೆಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು. "ಆಮ್ಯಾಲೆ ನರ್ಸಬಾಯಿಗೆ ಹಳೇ ತಾರೀಖಽ ಬರಿಸಿದೆ. ಆ ಒಂಬತ್ತು ದಿನಾನಽ ಬಳಿ ಹಳದಿ ಮಾಡಿದ್ದು. ಕೂಸಿಗೆ ಏನೂ ಆಗಿರಲಿಲ್ಲ. ನಿಮ್ಮೊಳಗ ಯಾರಾರು ನುಂಗೀರಿ?"

ಬಸುರಿಯರು ತಲೆ ತಗ್ಗಿಸಿದರು. ಪಕ್ಕದಲ್ಲಿ ಅತ್ತೆಯರಿದ್ದರು, ಯಾರು 'ಹೌದು' ಎನ್ನುತ್ತಾರೆ? ಕಾರಕೂನ ಎದ್ದು, "ಇಲ್ಲೆ ಗಲಾಟಿ ಮಾಡಬ್ಯಾಡ್ರಿ," ಎಂದ.

ಆಗ ಎಲೆ ಅಡಿಕೆ ಜಗಿಯುತ್ತಿದ್ದ ದಪ್ಪನೆಯ ಮುದುಕಿ ಬಾಯಿ ಒರೆಸಿಕೊಂಡಳು. "ನಾನೂ ಕೊಟ್ಟಿದ್ನೆವಾ. ಮನಿಶಾಂತಿಗೆ. ತಾರೀಖು ಹೇಳಿದಾಕಿನೂ ನಾನಽ."

"ನಮ್ಮಾಕಿಗೂ. ಸತ್ಯನಾರಾಯಣ ಪೂಜಿಗೆ."

"ನಾ ಆಕೀನ ಒಂದು ಮಾತೂ ಕೇಳಲಿಲ್ಲಾ, ಹಬ್ಬಕ್ಕ ಪುರಿ ಕರಿಯೋರು ಯಾರೂ ಇಲ್ಲ ಅಂತ ನುಂಗಿಸಿದೆ," ಎಂದು ಮೂರನೆಯವಳು ಅತ್ತೇಬಿಟ್ಟಳು. ಅತ್ತೆಯರು ಒಬ್ಬೊಬ್ಬರಾಗಿ ಎದ್ದು ನಿಂತರು, ಕಾರಕೂನನ ಮೇಜನ್ನು ಸುತ್ತುವರಿದರು, ತಮ್ಮ ತಮ್ಮ ಸೊಸೆಯ ನಿಜವಾದ ತಾರೀಖನ್ನು ಒಟ್ಟಿಗೇ ಕೂಗತೊಡಗಿದರು. ಬರಕೋ, ಬರಕೋ ಎಂದು ಅವನ ಪೆನ್ನನ್ನು ಅವನ ಕೈಗೇ ತುರುಕಿದರು. ಗಂಡಸರೆಲ್ಲ ಚಪ್ಪಲಿ ನೋಡುತ್ತ ನಿಂತಿದ್ದರು.

ಗದ್ದಲಕ್ಕೆ ವಾರಿಜಾ ಇಳಿದು ಬಂದಳು. ಕೊನೆಯ ಮೆಟ್ಟಿಲಿನ ಮೇಲೆ ನಿಂತಳು.

ಬೆಂಚಿನ ತುದಿಯಲ್ಲಿ ಒಬ್ಬಳು ಮಾತ್ರ ಕುಳಿತೇ ಇದ್ದಳು. ಹೊಲದಿಂದ ನೇರ ಬಂದವಳಂತೆ ಸೀರೆಯ ಮೇಲೆ ಗಂಡನ ಅಂಗಿ ತೊಟ್ಟಿದ್ದಳು. ಇಪ್ಪತ್ಮೂರು ಇಪ್ಪತ್ನಾಲ್ಕು ವಯಸ್ಸಿರಬೇಕು. ಅವಳ ಜೊತೆಗೆ ಯಾರೂ ಬಂದಿರಲಿಲ್ಲ, ಅವಳ ಕೈಯಲ್ಲಿ ಬಳೆಯೂ ಇರಲಿಲ್ಲ. ಒಮ್ಮೆ ತೆಗೆಸಿದವರು ಇನ್ನೊಮ್ಮೆ ಬಸಿರಾಗುವ ಮೊದಲು ಸಮಿತಿಯಿಂದ ಒಪ್ಪಿಗೆಯ ಚೀಟಿ ಪಡೆಯಬೇಕು, ಅದಕ್ಕೆ ಬಂದಿದ್ದಳು.

ಅವಳು ಸುಲೋಚನಾಳ ಸೆರಗು ಜಗ್ಗಿದಳು. "ಅಕ್ಕಾರ, ನಮ್ಮ ನಾದಿನಿ ಮದುವಿ ಇತ್ರಿ. ಹತ್ತು ದಿನಾ ನುಂಗಿದ್ದೆ. ನಂದೂ ಹತ್ತು ದಿನಾ ಹಿಂದ ಐತಿ ಅಂತ ಬರದಿದ್ರು. ಮೂರು ವಾರಾನೂ ಹತ್ತಽ ಬರದಿದ್ರು. ದೀಪಾವಳಿ ಮುಂದ ತಗಸಿದ್ರು." ಅವಳು ಒಂದು ಕ್ಷಣ ಯೋಚಿಸಿದಳು, ತಾನು ಕೇಳುತ್ತಿರುವುದು ಸರಿಯೋ ತಪ್ಪೋ ಎಂಬಂತೆ. "ಹಂಗಾರ ನನ್ನ ಕೂಸು ಛಲೋ ಇತ್ತೇನ್ರಿ?"

ಮೇಜಿನ ಸುತ್ತಲಿನ ದನಿಗಳು ನಿಂತವು. ಚಂಪಾ ಬಾಯಿಗೆ ಕೈ ಒತ್ತಿಕೊಂಡಳು.

ಸುಲೋಚನಾಗೆ ಉತ್ತರ ಗೊತ್ತಿತ್ತು. ಅದು ನಾಲಿಗೆಯ ತುದಿಯಲ್ಲೇ ಇತ್ತು. ಎರಡು ವರ್ಷ ಈ ಕಟ್ಟಡದ ಕೆಳಗೆ ಮೊಟ್ಟೆ ಎಣಿಸುತ್ತ ಕುಳಿತ ತನಗೂ ಆ ಉತ್ತರದಲ್ಲಿ ಪಾಲಿದೆಯೆಂದು ಗೊತ್ತಿತ್ತು. ಆದರೆ ಅದನ್ನು ಹೇಳಬೇಕಾದವರು ಮೆಟ್ಟಿಲ ಮೇಲೆ ನಿಂತಿದ್ದರು.

ಅವಳು ತಿರುಗಿ ನೋಡಿದಳು. ವಾರಿಜಾ ಮೆಲ್ಲಗೆ ಬಂದು, ಆ ಹೆಣ್ಣುಮಗಳ ಹೆಗಲ ಮೇಲೆ ಕೈ ಇಟ್ಟು, ಬೆಂಚಿನ ಮೇಲೆ ಅವಳ ಪಕ್ಕ ಕುಳಿತುಕೊಳ್ಳಲು ಹೋದಳು.

"ಕೂಡಬ್ಯಾಡ್ರಿ ಬಾಯಾರ," ಎಂದಳು ಸುಲೋಚನಾ. "ಎದ್ದು ನಿಂತು ಹೇಳ್ರಿ ಆಕಿಗೆ."